ಲ್ಯಾಟಿನ್ ಎರಡನೇ ಹಂತಕ್ಕೆ ಯಾವ ಪುಸ್ತಕ? ಪೋಷಕರಿಗೆ ಪತ್ರ

ಚಿತ್ರದುರ್ಗ

ಆತ್ಮೀಯ ಪೋಷಕರೇ,

ನಮಸ್ಕಾರ. ಮನೆಯಲ್ಲೇ ಓದುತ್ತಾ ಶನಿವಾರ ನಮ್ಮ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ದೊಡ್ಡವರ ಗುಂಪು ಲ್ಯಾಟಿನ್ ಮೊದಲ ಹಂತ ಮುಗಿಸಿದೆ. ಜೂನ್‌ನಿಂದ ಎರಡನೇ ಹಂತ ಶುರು. ಮುಂದಿನ ಪುಸ್ತಕ ಯಾವುದು ಅಂತ ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ. ಕೆಲವರು ಅಮೆರಿಕದ ಹೋಮ್‌ಸ್ಕೂಲ್ ಪಟ್ಟಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೀರಿ. ತೀರ್ಮಾನ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಡೆನ್ಮಾರ್ಕಿನ ಮೇಷ್ಟ್ರು ಹಾನ್ಸ್ ಓರ್ಬರ್ಗ್ ಬರೆದ ‘ಲಿಂಗ್ವಾ ಲಾತಿನಾ’ದ ಮೊದಲ ಭಾಗವನ್ನು ತೆಗೆದುಕೊಳ್ಳೋಣ. ಅದರ ಹೆಸರು ‘ಫಮಿಲಿಯಾ ರೋಮಾನಾ’. ಜೊತೆಗೆ ಒಂದೊಂದು ಅಧ್ಯಾಯಕ್ಕೆ ಒಂದೊಂದು ಪುಟದಂತೆ ನಾವೇ ಕನ್ನಡದಲ್ಲಿ ವ್ಯಾಕರಣದ ಟಿಪ್ಪಣಿ ಕೊಡುತ್ತೇವೆ. ಇಂಗ್ಲಿಷ್ ವ್ಯಾಕರಣದ ಮೂಲಕ ಲ್ಯಾಟಿನ್ ಕಲಿಸುವ ಪುಸ್ತಕ ನಮ್ಮ ಮಕ್ಕಳಿಗೆ ಬೇಡ.

ಯಾಕೆ ಬೇಡ? ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಬರೆದ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿ. ಎಷ್ಟೋ ಪುಟಗಳು ಒಂದೇ ವಿಷಯಕ್ಕೆ ಖರ್ಚಾಗುತ್ತವೆ. ಪದದ ಕೊನೆ ಬದಲಾದರೆ ಅದರ ಕೆಲಸ ಬದಲಾಗುತ್ತದೆ ಎಂದು ಮಕ್ಕಳನ್ನು ಒಪ್ಪಿಸುವುದಕ್ಕೆ. ಚಳ್ಳಕೆರೆಯಿಂದ ಬರುವ ಹುಡುಗನನ್ನು ಯಾರೂ ಒಪ್ಪಿಸಬೇಕಾಗಿಲ್ಲ. ‘ಅಮ್ಮ ತಂಗಿಯನ್ನು ಕರೆದಳು’ ಅಂದರೂ, ‘ತಂಗಿಯನ್ನು ಅಮ್ಮ ಕರೆದಳು’ ಅಂದರೂ, ಕರೆದದ್ದು ಅಮ್ಮ ಎಂದು ಅವನಿಗೆ ಗೊತ್ತು. ‘ಮಾರ್ಕುಸ್ ಯೂಲಿಯಮ್ ವಿದೆತ್’ ಅಂದರೆ ಮಾರ್ಕುಸ್ ಯೂಲಿಯಾಳನ್ನು ನೋಡುತ್ತಾನೆ. ‘ಯೂಲಿಯಮ್ ಮಾರ್ಕುಸ್ ವಿದೆತ್’ ಅಂದರೂ ಅಷ್ಟೇ. ಕೊನೆಯ ಆ ‘ಅಮ್’ ನಮ್ಮ ‘ಅನ್ನು’ ಮಾಡುವ ಕೆಲಸವನ್ನೇ ಮಾಡುತ್ತಿದೆ. ಪದಗಳು ನಿಂತಿರುವ ಸಾಲೂ ನಮ್ಮದೇ, ಕ್ರಿಯಾಪದ ಕೊನೆಗೆ. ‘ನೋಡುತ್ತೇವೆ’ ಅಂದರೆ ಸಾಕು, ‘ನಾವು’ ಅಂತ ಸೇರಿಸಬೇಕಿಲ್ಲ, ಅಲ್ವಾ? ಲ್ಯಾಟಿನ್‌ನಲ್ಲೂ ‘ವಿದೇಮುಸ್’ ಅಂದರೆ ಸಾಕು.

ಶಾಲೆಯಲ್ಲಿ ನಾವೆಲ್ಲ ರಾಗವಾಗಿ ಒಪ್ಪಿಸಿದ ಪ್ರಥಮಾ, ದ್ವಿತೀಯಾ, ತೃತೀಯಾ ನೆನಪಿದೆಯಲ್ಲ? ನಮ್ಮ ಮಕ್ಕಳಿಗೆ ಅದು ಬರುತ್ತದೆ. ಅದೇ ಕೋಷ್ಟಕದಲ್ಲಿ ಲ್ಯಾಟಿನ್ ರೂಪಗಳನ್ನು ಕೂರಿಸಿದರೆ ಆಯಿತು. ಒಂದು ವ್ಯತ್ಯಾಸ ಮಾತ್ರ ಹೇಳಿಕೊಡಬೇಕು. ನಮ್ಮ ‘ಇಂದ’ದ ಕೆಲಸವನ್ನೂ ‘ಅಲ್ಲಿ’ಯ ಕೆಲಸವನ್ನೂ ಲ್ಯಾಟಿನ್‌ನಲ್ಲಿ ಹೆಚ್ಚಾಗಿ ಒಂದೇ ರೂಪ ಹೊರುತ್ತದೆ.

ಹ್ರಸ್ವ, ದೀರ್ಘಗಳ ವಿಷಯದಲ್ಲಂತೂ ನಾವು ಪುಣ್ಯವಂತರು. ‘ಪುಎಲ್ಲ’ ಅಂದರೆ ಹುಡುಗಿ. ಕೊನೆಯನ್ನು ಎಳೆದು ‘ಪುಎಲ್ಲಾ’ ಅಂದರೆ ಬೇರೆ ವಿಭಕ್ತಿ. ರೋಮನ್ ಅಕ್ಷರದಲ್ಲಿ ಇದನ್ನು ತೋರಿಸಲು ಮೇಲೊಂದು ಗೆರೆ ಎಳೆಯಬೇಕು, ಮಕ್ಕಳು ಆ ಗೆರೆಯನ್ನು ಮರೆಯುತ್ತಾರೆ. ಕನ್ನಡ ಅಕ್ಷರದಲ್ಲಿ ಬರೆದರೆ ಮರೆಯುವ ಮಾತೇ ಇಲ್ಲ. ಅದಕ್ಕೇ ಹೊಸ ಪದಗಳ ನೋಟ್‌ಬುಕ್ಕಿನಲ್ಲಿ ಎರಡೂ ಲಿಪಿ ಇರಲಿ ಅಂತ ನಾನು ಹಟ ಹಿಡಿದಿರುವುದು.

ಹಾಗಂತ ಎಲ್ಲವೂ ಸುಲಭ ಅಂದುಕೊಳ್ಳಬೇಡಿ. ನಮ್ಮ ಮಕ್ಕಳು ಎಡವುವ ಜಾಗಗಳು ಬೇರೆ, ಅವು ಆ ಪಟ್ಟಿಗಳ ಪುಸ್ತಕಗಳಲ್ಲಿ ಸಾಕಷ್ಟು ದಪ್ಪ ಅಕ್ಷರದಲ್ಲಿ ಇರುವುದಿಲ್ಲ. ಮೊದಲನೆಯದು ಲಿಂಗ. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಮೇಜು, ತೋಟ, ಗುಡಿ ಎಲ್ಲವೂ ‘ಅದು’. ಲ್ಯಾಟಿನ್‌ನಲ್ಲಿ ಮೇಜು ಸ್ತ್ರೀಲಿಂಗ, ತೋಟ ಪುಲ್ಲಿಂಗ, ಗುಡಿ ನಪುಂಸಕ. ಮೇಲಾಗಿ ‘ದೊಡ್ಡ’ ಅನ್ನುವ ಪದವೂ ಆ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ವೇಷ ಬದಲಿಸಬೇಕು. ಕನ್ನಡದ ‘ದೊಡ್ಡ’ ಎಲ್ಲಿ ಹೋದರೂ ‘ದೊಡ್ಡ’ವೇ. ಮನೆಯಲ್ಲಿ ಸ್ವಲ್ಪ ಸಂಸ್ಕೃತ ಕೇಳಿದ ಮಕ್ಕಳಿಗೆ ಇದು ಬೇಗ ಹತ್ತುತ್ತದೆ, ಉಳಿದವರಿಗೆ ತಿಂಗಳುಗಳೇ ಬೇಕು.

ಎರಡನೆಯದು ‘ಅಳುವ ಹುಡುಗಿ’, ‘ಮಾರ್ಕುಸ್ ಹೊಡೆದ ಹುಡುಗಿ’ ಅನ್ನುವ ಬಗೆಯ ಮಾತು. ನಾವು ವಿವರವನ್ನೆಲ್ಲ ಮುಂದೆ ಹೇಳಿ ಕೊನೆಗೆ ಹುಡುಗಿಯನ್ನು ತರುತ್ತೇವೆ. ಲ್ಯಾಟಿನ್‌ನಲ್ಲಿ ಹುಡುಗಿ ಮೊದಲು ಬಂದು, ಆಮೇಲೆ ‘ಯಾರು ಅಳುತ್ತಾಳೋ’, ‘ಯಾರನ್ನು ಹೊಡೆದನೋ’ ಎಂದು ಇನ್ನೊಂದು ಚಿಕ್ಕ ವಾಕ್ಯ ಅಂಟಿಕೊಳ್ಳುತ್ತದೆ. ಓರ್ಬರ್ಗ್ ಪುಸ್ತಕದಲ್ಲಿ ಇದು 3ನೇ ಅಧ್ಯಾಯದಲ್ಲೇ ಬರುತ್ತದೆ. ಅಲ್ಲಿ ಗುಂಪಿನ ವೇಗ ಇಳಿಸುತ್ತೇನೆ. ಮಗು ಆ ವಾರಗಳಲ್ಲಿ ‘ನನಗೆ ಬರಲ್ಲ’ ಅಂದರೆ ಗಾಬರಿ ಬೇಡ.

ಮೂರನೆಯದು ನಾಮಪದಗಳ ಮೂರನೇ ವರ್ಗ. ಪದದ ಕೊನೆ ಬದಲಾಗುವ ರೀತಿ ನೋಡಿ ಲ್ಯಾಟಿನ್ ನಾಮಪದಗಳಲ್ಲಿ ಒಟ್ಟು 5 ವರ್ಗ. ಮಕ್ಕಳು ಮೊದಲ ಎರಡನ್ನು ಮುಗಿಸಿದ್ದಾರೆ. ಮೂರನೆಯದರಲ್ಲಿ ಮೊದಲ ರೂಪ ನೋಡಿದರೆ ಉಳಿದದ್ದು ಊಹೆಗೆ ಸಿಗುವುದಿಲ್ಲ. ರಾಜ ‘ರೇಕ್ಸ್’, ರಾಜನ ಅನ್ನಲು ‘ರೇಗಿಸ್’. ಮನುಷ್ಯ ‘ಹೊಮೊ’, ಮನುಷ್ಯನ ಅನ್ನಲು ‘ಹೊಮಿನಿಸ್’. ಪದ ಕಲಿಯುವಾಗಲೇ ಎರಡೂ ರೂಪವನ್ನು ಒಟ್ಟಿಗೆ ಕಲಿಯಬೇಕು. ಇದಕ್ಕೆ ಅಡ್ಡದಾರಿ ಇಲ್ಲ, ಬಾಯಿಪಾಠವೇ. ಬಾಯಿಪಾಠ ಹಳೇ ಕಾಲದ್ದು ಅನ್ನುವವರು ನಮ್ಮಲ್ಲೂ ಇದ್ದಾರೆ, ಅವರ ಜೊತೆ ವಾದ ಮಾಡುವುದಿಲ್ಲ. ಈ ವರ್ಗ ಮಾತ್ರ ಬಾಯಿಪಾಠ ಆಗಲೇಬೇಕು.

ಈಗ ಪುಸ್ತಕಕ್ಕೆ ಬರುತ್ತೇನೆ. ‘ಫಮಿಲಿಯಾ ರೋಮಾನಾ’ದಲ್ಲಿ 35 ಅಧ್ಯಾಯ. ಮೊದಲ ಪುಟದಿಂದ ಕೊನೆಯವರೆಗೂ ಲ್ಯಾಟಿನ್ನೇ. ಬೇರೆ ಭಾಷೆಯ ಒಂದು ಸಾಲೂ ಇಲ್ಲ. ಹೊಸ ಪದ ಬಂದರೆ ಅಂಚಿನಲ್ಲಿ ಚಿತ್ರವೋ, ಗೊತ್ತಿರುವ ಲ್ಯಾಟಿನ್ ಪದಗಳಲ್ಲೇ ವಿವರಣೆಯೋ ಇರುತ್ತದೆ. ಒಂದು ರೋಮನ್ ಮನೆಯ ಕಥೆ ಅದು. ಅಪ್ಪ ಯೂಲಿಯುಸ್, ಅಮ್ಮ ಐಮಿಲಿಯಾ, ಮೂರು ಮಕ್ಕಳು. ಅಣ್ಣ ತಂಗಿಗೆ ಹೊಡೆಯುವ ಜಗಳವೂ ಇದೆ, ಅದು ಮಕ್ಕಳಿಗೆ ಇಷ್ಟವಾಗುವುದರಲ್ಲಿ ನನಗೆ ಅನುಮಾನವಿಲ್ಲ. ನಮಗೆ ಮುಖ್ಯವಾದದ್ದು ಇಷ್ಟು: ಮಧ್ಯದಲ್ಲಿ ಇಂಗ್ಲಿಷ್ ನಿಂತಿಲ್ಲ. ವಿವರಣೆ ಬೇಕಾದ ಕಡೆ ನಾವು ಕನ್ನಡವನ್ನು ಇಡಬಹುದು.

ಕೊರತೆಯೂ ಇದೆ. ಚುರುಕಾದ ಮಗು ಕಥೆಯನ್ನು ಊಹಿಸುತ್ತಾ, ಪದದ ಕೊನೆಗಳನ್ನು ನೋಡದೆಯೇ ಮುಂದೆ ಓಡಬಹುದು. ಭೂತಕಾಲದ ಮುಖ್ಯ ರೂಪ 21ನೇ ಅಧ್ಯಾಯದವರೆಗೆ ಬರುವುದೇ ಇಲ್ಲ, ಅದು ತಡ ಅಂತ ನನ್ನ ಅಭಿಪ್ರಾಯ. ಹಾಗಾಗಿ ಕನ್ನಡ ಟಿಪ್ಪಣಿಯಲ್ಲಿ ಅದನ್ನು ಮೊದಲೇ ಪರಿಚಯ ಮಾಡುತ್ತೇವೆ. ಮೊದಲ ಅಧ್ಯಾಯಗಳಲ್ಲಿ ಮಕ್ಕಳಿಗೆ ಗೊತ್ತಿರುವುದೇ ಜಾಸ್ತಿ, ಬೇಗ ಮುಗಿಯುತ್ತವೆ. 9ನೇ ಅಧ್ಯಾಯದಲ್ಲಿ ಮೂರನೇ ವರ್ಗ ಶುರುವಾದಾಗ ನಿಜವಾದ ಎರಡನೇ ಹಂತ ಶುರು.

ನೀವು ಕೇಳಿದ ಬೇರೆ ಪುಸ್ತಕಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವೀಲಾಕ್ ಪುಸ್ತಕ 1956ರದ್ದು, ಕಾಲೇಜಿನವರಿಗಾಗಿ ಬರೆದದ್ದು. ಮಗುವಿನ ಜೊತೆ ತಾನೂ ಕಲಿಯಬೇಕೆನ್ನುವ ಅಪ್ಪ ಅಮ್ಮಂದಿರಿಗೆ ಅದು ಒಳ್ಳೆಯದು, 12 ವರ್ಷದ ಮಗುವಿಗೆ ಒಣಒಣ. ಹೆನ್ಲೆ ಎಂಬ ಜೆಸ್ಯೂಟ್ ಪಾದ್ರಿ ಬರೆದ ನಾಲ್ಕು ವರ್ಷದ ಪಾಠಮಾಲೆ ಬಹಳ ಶಿಸ್ತಿನದು. ಆದರೆ ಇಂಗ್ಲಿಷ್‌ನಿಂದ ಲ್ಯಾಟಿನ್‌ಗೆ ಅನುವಾದ ಮಾಡಿಸುವುದೇ ಅದರಲ್ಲಿ ದೊಡ್ಡ ಭಾಗ. ಕೇಂಬ್ರಿಜ್ ಪಾಠಮಾಲೆಯನ್ನು ಬಿಡಲು ನನಗೆ ನಿಜಕ್ಕೂ ಬೇಜಾರಾಯಿತು. ಪೊಂಪೇ ಊರಿನ ಕೈಕಿಲಿಯುಸ್ ಎಂಬ ಸಾಹುಕಾರನ ಮನೆಯ ಕಥೆ, ಮೊದಲ ಪುಸ್ತಕದ ಕೊನೆಗೆ 79ನೇ ಇಸವಿಯ ವೆಸೂವಿಯಸ್ ಜ್ವಾಲಾಮುಖಿ. ಅದನ್ನು ಕಥೆಪುಸ್ತಕವಾಗಿ ನಮ್ಮ ಕಪಾಟಿನಲ್ಲಿ ಇಡುತ್ತೇವೆ, ಮಕ್ಕಳು ಮನೆಗೆ ಒಯ್ಯಬಹುದು.

ಉಚ್ಚಾರಣೆ ಬಗ್ಗೆ ಚರ್ಚ್‌ಗೆ ಹೋಗುವ ಒಂದಿಬ್ಬರು ಕೇಳಿದ್ದೀರಿ. ತರಗತಿಯಲ್ಲಿ ಹಳೇ ರೋಮನ್ನರ ಉಚ್ಚಾರಣೆಯನ್ನೇ ಮುಂದುವರಿಸುತ್ತೇವೆ. ‘ಗೆದ್ದೆ’ ಅನ್ನಲು ‘ವೀಕಿ’ ಅನ್ನುತ್ತೇವೆ, ಚರ್ಚಿನ ಲ್ಯಾಟಿನ್‌ನಂತೆ ‘ವೀಚಿ’ ಅಲ್ಲ. ನಿಮ್ಮ ಮಗು ಚರ್ಚಿನ ಹಾಡಿನಲ್ಲಿ ‘ಚ’ ಎಂದೇ ಹಾಡಲಿ, ಏನೂ ತೊಂದರೆ ಇಲ್ಲ. ಎರಡೂ ಅಭ್ಯಾಸ ಇರುವ ಮಕ್ಕಳಿಗೆ ಗೊಂದಲ ಆಗುವುದಿಲ್ಲ.

ಒಂದು ವಿಷಯ ನಿಮಗೆ ಮೊದಲೇ ತಿಳಿದಿರಲಿ. ಈ ಕಥೆಯ ಮನೆಯಲ್ಲಿ ಗುಲಾಮರಿದ್ದಾರೆ. ಒಡೆಯ ಬೈಯುತ್ತಾನೆ, ಕೋಲು ಎತ್ತುತ್ತಾನೆ, ಒಬ್ಬ ಗುಲಾಮ ಓಡಿಹೋಗುತ್ತಾನೆ. ರೋಮಿನಲ್ಲಿ ಇದ್ದದ್ದೇ ಹಾಗೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಮಾಮೂಲಿ ಎಂಬಂತೆ ಓದಿ ಮುಂದೆ ಹೋಗುವುದೂ ನನಗೆ ಒಪ್ಪಿಗೆಯಿಲ್ಲ. ಶನಿವಾರ ಕನ್ನಡದಲ್ಲೇ ಕೂತು ಮಾತಾಡುತ್ತೇವೆ. ಮನೆಯಲ್ಲಿ ಮಗು ಪ್ರಶ್ನೆ ಕೇಳಿದರೆ ನೀವೂ ತಪ್ಪಿಸಿಕೊಳ್ಳಬೇಡಿ.

ದಾವಣಗೆರೆಯಿಂದ ಮೊಮ್ಮಗಳನ್ನು ಕರೆತರುವ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು, ‘ಅಲ್ಲಮ್ಮಾ, ದುರ್ಗಕ್ಕೂ ಆ ಭಾಷೆಗೂ ಏನು ಸಂಬಂಧ?’ ಅಂದರು. ನ್ಯಾಯವಾದ ಪ್ರಶ್ನೆ. ಸಂಬಂಧ ಕೋಟೆಯ ಹಿಂದೆಯೇ ಇದೆ. ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಮೈಸೂರಿನ ಎಂ. ಎಚ್. ಕೃಷ್ಣ ಅವರು 1929ರಲ್ಲೂ, ಮಾರ್ಟಿಮರ್ ವೀಲರ್ ಅವರು 1947ರಲ್ಲೂ ಉತ್ಖನನ ಮಾಡಿಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ಅಲ್ಲಿ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ, ಆಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಕಾಲದವು. ತಿಬೇರಿಯಸ್ ಆಳಿದ್ದು 14ರಿಂದ 37ನೇ ಇಸವಿಯವರೆಗೆ. ಅಂದರೆ ಮಯೂರಶರ್ಮನ ಪ್ರಾಕೃತ ಶಾಸನ ಅದೇ ಚಂದ್ರವಳ್ಳಿಯ ಬಂಡೆಗೆ ಬೀಳುವುದಕ್ಕೆ ಸುಮಾರು 300 ವರ್ಷ ಮೊದಲು.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ತಿಬೇರಿಯಸ್ ನಾಣ್ಯದ ಬರಹವನ್ನು ದೊಡ್ಡದಾಗಿ ಬರೆದು ಗೋಡೆಗೆ ಹಾಕಿದ್ದೇನೆ. ಜಾಗ ಉಳಿಸಲು ರೋಮನ್ನರು ಪದಗಳನ್ನು ಕತ್ತರಿಸಿದ್ದಾರೆ. ‘ತಿ’ ಅಂದರೆ ತಿಬೇರಿಯುಸ್. ಆಮೇಲೆ ‘ಕೈಸರ್ ದೀವಿ’ ಪೂರ್ತಿ ಇದೆ, ‘ಅವ್ಗ್’ ಅರ್ಧ ಇದೆ, ಮುಂದಿನ ಪದದ್ದು ‘ಫ್’ ಒಂದೇ ಅಕ್ಷರ, ಕೊನೆಗೆ ‘ಅವ್ಗುಸ್ತುಸ್’. ‘ದೀವಿ’ಯ ಕೊನೆಯಲ್ಲಿರುವ ‘ಇ’ ನಮ್ಮ ಷಷ್ಠಿಯ ಕೆಲಸ ಮಾಡುತ್ತಿದೆ, ಹಾಗಾದರೆ ‘ಅವ್ಗ್’ ಕೂಡ ‘ಅವ್ಗುಸ್ತಿ’ ಆಗಬೇಕು, ‘ಫ್’ ಅಂದರೆ ‘ಫೀಲಿಯುಸ್’, ಮಗ. ‘ದೇವನಾದ ಆಗಸ್ಟಸನ ಮಗ’. ಮೊದಲ ಹಂತ ಮುಗಿಸಿದ ಮಗು ಇಷ್ಟನ್ನು ತಾನೇ ಬಿಡಿಸಬಲ್ಲದು, ಅದೂ ಕನ್ನಡದ ವಿಭಕ್ತಿಯನ್ನು ಹಿಡಿದುಕೊಂಡೇ. ಮಳೆ ನಿಂತ ಮೇಲೆ, ದಸರಾ ರಜೆಗೆ ಮುಂಚೆ, ಗುಂಪನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುತ್ತೇವೆ. ಪೋಷಕರೂ ಬನ್ನಿ.

ಪರೀಕ್ಷೆಯ ಮಾತು. ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿ ಕಟ್ಟಲು ಮಗುವಿಗೆ 14 ವರ್ಷ ತುಂಬಿರಬೇಕು. ಅಲ್ಲಿ 5 ವಿಷಯ ಪಾಸಾಗಬೇಕು, ಲ್ಯಾಟಿನ್ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಲ್ಯಾಟಿನ್ ಅಂಕಕ್ಕೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಜ್ ಐಜಿಸಿಎಸ್‌ಇಯಲ್ಲಿ ಲ್ಯಾಟಿನ್ ಒಂದು ವಿಷಯ, ಭಾಷೆಗೊಂದು ಪತ್ರಿಕೆ, ಸಾಹಿತ್ಯಕ್ಕೊಂದು. ಅದನ್ನು ಖಾಸಗಿಯಾಗಿ ಕಟ್ಟಲು ಒಂದು ನೋಂದಾಯಿತ ಶಾಲೆ ಒಪ್ಪಬೇಕು, ಶುಲ್ಕವೂ ಕಡಿಮೆಯಲ್ಲ. ಆ ದಾರಿ ಬೇಕು ಅನ್ನುವವರು ಈಗಲೇ ನನ್ನ ಜೊತೆ ಮಾತಾಡಿ. ಅವರ ಮಕ್ಕಳಿಗೆ ವೇಗವೂ ಬೇರೆ, ಬರೆಸುವ ಅಭ್ಯಾಸವೂ ಬೇರೆ. ಉಳಿದವರಿಗೆ ಈ ಪುಸ್ತಕ ಎರಡು ವರ್ಷ ಹಿಡಿದರೆ ಹಿಡಿಯಲಿ.

ಮನೆಯಲ್ಲಿ ನೀವು ಮಾಡಬೇಕಾದ್ದು ಸ್ವಲ್ಪವೇ. ದಿನಕ್ಕೆ ಅರ್ಧ ಗಂಟೆ, ಗಟ್ಟಿಯಾಗಿ ಓದಿಸಿ. ನಿಮಗೆ ಲ್ಯಾಟಿನ್ ಬರಬೇಕಿಲ್ಲ. ಓದಿದ ಮೇಲೆ ‘ಏನಾಯ್ತು ಹೇಳು’ ಅಂತ ಕನ್ನಡದಲ್ಲಿ ಕಥೆ ಕೇಳಿ. ಯಾರು ಯಾರಿಗೆ ಕೊಟ್ಟರು, ಯಾರು ಯಾರನ್ನು ಹೊಡೆದರು ಎಂದು ಕೆದಕಿ. ಮಗು ಅಲ್ಲಿ ತಡವರಿಸಿದರೆ ವಿಭಕ್ತಿ ನೋಡಿಲ್ಲ ಅಂತ ಅರ್ಥ. ಸಾಲುಸಾಲಿಗೂ ಅನುವಾದ ಬರೆಸಬೇಡಿ. ಮೊಬೈಲ್‌ನಲ್ಲಿ ಪುಟದ ಫೋಟೋ ತೆಗೆದು ಅನುವಾದ ಮಾಡಿಸುವ ಚಾಳಿ ಶುರುವಾಗಿದೆ, ಅದನ್ನು ದಯವಿಟ್ಟು ನಿಲ್ಲಿಸಿ.

ಮೊದಲ ಎರಡು ವರ್ಗಗಳ ರೂಪ ಇನ್ನೂ ಗಟ್ಟಿಯಾಗದ ಮಕ್ಕಳು ದಸರಾವರೆಗೆ ಹಳೇ ಪುಸ್ತಕದಲ್ಲೇ ಇರುತ್ತಾರೆ. ಯಾರ್ಯಾರು ಅಂತ ನಿಮಗೆ ಬೇರೆಯಾಗಿ ಹೇಳುತ್ತೇನೆ, ಗುಂಪಿನಲ್ಲಿ ಕೇಳಬೇಡಿ. ಅಣ್ಣ ಮುಂದೆ ಹೋದ, ತಮ್ಮ ಹಿಂದೆ ಉಳಿದ ಅನ್ನುವ ಮಾತು ಮನೆಯಲ್ಲೂ ಬೇಡ.

ಪುಸ್ತಕವನ್ನು ಹೊರಗಿನಿಂದ ತರಿಸಬೇಕು. ಎಲ್ಲರದ್ದೂ ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಒಂದೇ ಮನೆಯ ಇಬ್ಬರಿಗೆ ಒಂದು ಪ್ರತಿ ಸಾಕು. ಝೆರಾಕ್ಸ್ ಮಾಡಿಸುವುದು ಬೇಡ, ಅಂಚಿನ ಚಿತ್ರಗಳು ಮಸಿಯಾಗಿ ಏನೂ ಕಾಣುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ನಮ್ಮಲ್ಲಿರುವ ಪ್ರತಿಯನ್ನು ಮುಂದಿನ ಎರಡು ಶನಿವಾರ ಮೇಜಿನ ಮೇಲೆ ಇಟ್ಟಿರುತ್ತೇನೆ, ಬಂದು ತಿರುವಿ ನೋಡಿ. ಬೇಕೋ ಬೇಡವೋ ಎಂದು ಮೇ 5ರೊಳಗೆ ತಿಳಿಸಿ. ಬೇಡ ಅನ್ನುವವರೂ ತಿಳಿಸಿ, ಇಲ್ಲದಿದ್ದರೆ ಆರ್ಡರ್ ತಡವಾಗಿ ಜೂನ್ ಮೊದಲ ವಾರ ಎಲ್ಲರೂ ಕೈಖಾಲಿ ಕೂರಬೇಕಾಗುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ