ನಿನ್ನೆ ರಾತ್ರಿ ನಕ್ಕದ್ದು ಯಾರು?

ಪುಟ್ಟೀ,

ಟಿವಿ ವಿಮರ್ಶೆಯ ಹೊಸ ಕೆಲಸದ ಬಗ್ಗೆ ನೀನು ಬರೆದ ಕಾಗದ ಬಂದು ನಾಲ್ಕು ದಿನವಾಯಿತು. ಉಳಿದದ್ದನ್ನೆಲ್ಲ ಒಂದು ಸಲ ಓದಿ ಮಡಿಸಿಟ್ಟೆ. ಕೊನೆಯ ಹಾಳೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಬರೆದಿದ್ದೀಯಲ್ಲ, ಅದೊಂದು ಮಾತು ನನ್ನನ್ನು ಬಿಡುತ್ತಿಲ್ಲ. 'ದೊಡ್ಡಮ್ಮ, ನಿದ್ದೆ ಬರಿಸಿದ ಸೀರೀಸ್‌ಗೆ ಒಂದು ಪುಟ ಹೊಗಳಿ ಬರೆದೆ. ಹೊಟ್ಟೆ ಹಿಡ್ಕೊಂಡು ನಕ್ಕ ಕಾಮಿಡಿಗೆ ಮೂರು ಸಾಲು. ನನಗೆ ನಿಜವಾಗಿ ಏನಿಷ್ಟ ಅನ್ನೋದೇ ಮರೆತುಹೋಗ್ತಿದೆಯಾ ಅಂತ ಭಯ.'

ಮೊದಲ ದಿನವೇ ಉತ್ತರ ಬರೆದಿದ್ದೆ. 'ಹೊಸತರಲ್ಲಿ ಹಾಗೇ, ಆಮೇಲೆ ಸರಿಹೋಗುತ್ತೆ' ಅಂತ. ಬರೆದು ಹರಿದೆ. ಅದೇ ಕೆಲಸ ಮಾಡಿದ ನನಗಂತೂ ಸರಿಹೋಗಲಿಲ್ಲ, ನಿನಗೆ ಯಾವ ಬಾಯಲ್ಲಿ ಹೇಳಲಿ?

ನಿನ್ನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಗಂಭೀರ ಕಥೆ ನೋಡುತ್ತಿರುವಾಗಲೇ ತಲೆಯಲ್ಲಿ ವಾಕ್ಯಗಳು ಸಿದ್ಧವಾಗುತ್ತಿರುತ್ತವೆ. ಮಬ್ಬು ಬೆಳಕು, ಬಾಯಿಬಿಡದ ಅಪ್ಪ, ಕಿಟಕಿಯಾಚೆ ಮಳೆ. ಒಂದೊಂದಕ್ಕೂ ನಮ್ಮ ಬುಟ್ಟಿಯಲ್ಲಿ ಪದ ಇದೆ: ಸಂಯಮ, ಸೂಕ್ಷ್ಮ, ಪದರಗಳು. ಹಾಸ್ಯಕ್ಕೆ ಏನಿದೆ? 'ಟೈಮಿಂಗ್ ಚೆನ್ನಾಗಿದೆ.' ಆಮೇಲೆ? ಜೋಕನ್ನು ಬಿಡಿಸಿ ಹೇಳಿದರೆ ಅಲ್ಲೇ ಸಾಯುತ್ತೆ, ಹೇಳದಿದ್ದರೆ ಕಾಲಂ ತುಂಬುವುದಿಲ್ಲ. ಹಾಗಾಗಿ ನಿದ್ದೆ ಬರಿಸಿದ್ದಕ್ಕೆ ಪುಟ, ನಗಿಸಿದ್ದಕ್ಕೆ ಮೂರು ಸಾಲು. ಅಷ್ಟೇ ಆಗಿದ್ದರೆ ಇದನ್ನು ಸೋಮಾರಿತನ ಅಂತ ಬೈದು ಸುಮ್ಮನಾಗುತ್ತಿದ್ದೆ. ನಿನ್ನ ಭಯ ಅದಕ್ಕಿಂತ ಕೆಳಗಿನದು. ಹೊಗಳಿದ್ದು ಮನಸ್ಸಿಗೆ ಹಿಡಿಸಿತು ಅಂತಲೋ, ಹೊಗಳಬೇಕಾದ ಜಾತಿಯದ್ದು ಅಂತಲೋ? ಅದನ್ನೇ ಅಲ್ಲವಾ ನೀನು ಕೇಳಿದ್ದು?

ನನ್ನದನ್ನು ಹೇಳುತ್ತೇನೆ. ನಿನ್ನಮ್ಮ ಇದನ್ನು ನಿನಗೆ ಹೇಳಿರಲಾರಳು. ನನ್ನ ಮುಂದೆಯೂ ಒಂದೇ ಸಲ ಆಡಿದ ಮಾತು.

ಆಗ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಒಂದು ರಾತ್ರಿ ವಿಮರ್ಶೆಗೆ ಅಂತ ಹೊಸ ಹಾಸ್ಯ ಸರಣಿಯೊಂದನ್ನು ನೋಡುತ್ತಿದ್ದೆ. ಆಫೀಸಿನಲ್ಲಿ ಒಬ್ಬ ತನಗೆ ಬಡ್ತಿ ಸಿಕ್ಕಿತೆಂದು ತಪ್ಪು ತಿಳಿದು ಭಾಷಣ ಶುರುಮಾಡುತ್ತಾನೆ. ಸಿಕ್ಕಿದ್ದು ಪಕ್ಕದವನಿಗೆ. ಯಾರೂ ಅವನನ್ನು ತಡೆಯುವುದಿಲ್ಲ. ಭಾಷಣ ಮುಗಿಯುವುದೂ ಇಲ್ಲ. ನಾನು ಎಷ್ಟು ನಕ್ಕೆನೆಂದರೆ ನಿನ್ನಮ್ಮ ನಿದ್ದೆಯಿಂದೆದ್ದು ಬಂದು ಬಾಗಿಲಲ್ಲಿ ನಿಂತಳು. ಬೆಳಿಗ್ಗೆ ಅದೇ ಸರಣಿಗೆ ನಾಲ್ಕು ಸಾಲು ಬರೆದೆ. 'ಹಗುರ ಮನರಂಜನೆ. ಹೊತ್ತು ಕಳೆಯಲು ಅಡ್ಡಿಯಿಲ್ಲ.' ಅಚ್ಚಾಗಿ ಬಂದದ್ದನ್ನು ಅವಳು ಓದಿದಳು. ಪತ್ರಿಕೆ ಮಡಿಸಿ, 'ಹಾಗಾದ್ರೆ ಅವತ್ತು ರಾತ್ರಿ ನಕ್ಕದ್ದು ಯಾರು ಅಕ್ಕಾ?' ಅಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಪಾದಕರು ಏನೆಂದುಕೊಳ್ಳುತ್ತಾರೋ ಅಂತ ಬರೆದದ್ದು, ಅಷ್ಟೇ. ಅವರು ಏನೂ ಅಂದುಕೊಂಡಿರಲಿಲ್ಲ ಬಿಡು, ಓದಿದ್ದರೋ ಇಲ್ಲವೋ.

ನಮ್ಮ ಕಾಲಕ್ಕೆ ಗಾಳಿಯೂ ಹಾಗೇ ಬೀಸುತ್ತಿತ್ತು. 1999ರಲ್ಲಿ 'ದಿ ಸೊಪ್ರಾನೋಸ್' ಶುರುವಾಯಿತು. ಮಾಫಿಯಾ ಯಜಮಾನ ಮನೋವೈದ್ಯೆಯ ಎದುರು ಕೂತು ತನ್ನ ತಾಯಿಯ ವಿಚಾರ ಹೇಳಿಕೊಳ್ಳುತ್ತಾನೆ. ನಾವೆಲ್ಲ ಹೊಗಳಿದೆವು. ಆ ಹೊಗಳಿಕೆ ಅದು ದುಡಿದು ಸಂಪಾದಿಸಿದ್ದು, ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅದಾದ ಮೇಲೆ ಕೆಟ್ಟ ಗಂಡಸೊಬ್ಬ ಕತ್ತಲ ಕೋಣೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತರೆ ಸಾಕು, ನನ್ನ ಪೆನ್ನು ತಾನಾಗಿ 'ದಿಟ್ಟ' ಅಂತ ಬರೆಯುತ್ತಿತ್ತು. ಮೊದಲ ನಾಲ್ಕು ಕಂತು ಮುಂಚಿತವಾಗಿ ಕಳಿಸುತ್ತಿದ್ದರು, ಆ ನಾಲ್ಕಕ್ಕೇ ತೀರ್ಪು. ಐದನೆಯದರಿಂದ ಕಥೆ ಹಳಿ ತಪ್ಪಿದ್ದು ಓದುಗರಿಗೆ ಗೊತ್ತು, ನನಗೆ ಗೊತ್ತಿಲ್ಲ. ಎಷ್ಟು ಕಂತು ನೋಡಿ ಬರೆದೆ ಅಂತ ವಿಮರ್ಶೆಯಲ್ಲೇ ಹೇಳಿಬಿಡು, ಪುಟ್ಟೀ. ಸಣ್ಣ ಮಾತು. ನಾನು ಅದನ್ನು ಪಾಲಿಸಿದ್ದು ಕೆಲಸ ಬಿಡುವುದಕ್ಕೆ ಎರಡು ವರ್ಷ ಮುಂಚಿನಿಂದ.

ಕಾಮಿಡಿಗಳ ವಿಷಯದಲ್ಲಿ ಇದು ಇನ್ನೂ ದೊಡ್ಡ ಅನ್ಯಾಯ. ಅವಕ್ಕೆ ಜನರನ್ನು ಪರಿಚಯ ಮಾಡಿಕೊಡಲು ಹೊತ್ತು ಬೇಕು. ಒಬ್ಬನ ಜಿಪುಣತನ ನಮಗೆ ಗೊತ್ತಿದ್ದರೆ ತಾನೇ ಅವನು ಪರ್ಸ್ ಮುಟ್ಟಿದಾಗ ನಗು ಬರುವುದು? 'ಪಾರ್ಕ್ಸ್ ಅಂಡ್ ರಿಕ್ರಿಯೇಷನ್' 2009ರಲ್ಲಿ ಬಂದಾಗ ಮೊದಲ ಸೀಸನ್ ಬರೀ 6 ಕಂತು, ಬಹಳ ವಿಮರ್ಶಕರು ಮೂಗು ಮುರಿದರು. ಎರಡನೆಯ ಸೀಸನ್‌ನಲ್ಲಿ ನಾಯಕಿಯನ್ನು ಪೆದ್ದಿಯಂತೆ ತೋರಿಸುವುದು ಬಿಟ್ಟು ಕೆಲಸದ ಮೇಲೆ ಪ್ರಾಣ ಇಟ್ಟವಳನ್ನಾಗಿ ಮಾಡಿದರು. ಮೂಗು ಮುರಿದವರೇ ಮೆಚ್ಚಿ ತಲೆಯಾಡಿಸಿದರು. ವಿಮರ್ಶಕರು ಮೊದಲೇ ಸರಿಯಾಗಿ ಹಿಡಿದದ್ದೂ ಉಂಟು. 'ಚಿಯರ್ಸ್' 1982ರಲ್ಲಿ ಶುರುವಾದಾಗ ವೀಕ್ಷಕರ ಪಟ್ಟಿಯಲ್ಲಿ ಹೆಚ್ಚುಕಡಿಮೆ ತಳದಲ್ಲಿತ್ತು. ಮೆಚ್ಚಿ ಬರೆದವರು ಬರೆಯುತ್ತಲೇ ಇದ್ದರು. ಅದು 11 ಸೀಸನ್ ನಡೆಯಿತು. ಆಗ ಯಾರಾದರೂ ನನ್ನ ಹಾಗೆ 'ಹಗುರ' ಅಂದು ಕೈತೊಳೆದುಕೊಂಡಿದ್ದರೆ ಅಂತ ಯೋಚಿಸುತ್ತೇನೆ.

ಪ್ರಶಸ್ತಿಗಳನ್ನು ನೋಡಿ ಧೈರ್ಯ ತಂದುಕೊಳ್ಳಬೇಡ, ಗೊಂದಲ ಇನ್ನೂ ಹೆಚ್ಚುತ್ತೆ. ವಿಮರ್ಶಕರು ತಲೆಮೇಲೆ ಹೊತ್ತ ಪೊಲೀಸ್ ಡ್ರಾಮಾ 'ದಿ ವೈರ್' 5 ಸೀಸನ್ ನಡೆದರೂ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಒಂದನ್ನೂ ಪಡೆಯಲಿಲ್ಲ. ಹೋಟೆಲ್ ಅಡುಗೆಮನೆಯ ಕಥೆ 'ದಿ ಬೇರ್' ಅತ್ಯುತ್ತಮ ಕಾಮಿಡಿ ಅಂತ ಎಮ್ಮಿ ಪಡೆಯಿತು, ನೋಡುವಾಗ ನನಗೆ ಎದೆ ಬಡಿತ ಏರಿದ್ದೇ ಹೆಚ್ಚು. ಈಗೀಗ ನಗಿಸದ ಕಾಮಿಡಿಯನ್ನು ಹೊಗಳುವುದು ಸುಲಭ, ಅದಕ್ಕೆ ಡ್ರಾಮಾದ ಪದಗಳೇ ಹೊಂದುತ್ತವೆ.

ನಿದ್ದೆ ಬಂತು ಅಂದೆಯಲ್ಲ, ಅದನ್ನೇ ತೀರ್ಪು ಅಂತ ಹಿಡಿಯಲೂ ಬೇಡ. 'ದಿ ವೈರ್' ಮೊದಲ ಮೂರು ಕಂತು ನನ್ನನ್ನೂ ತೂಕಡಿಸುವಂತೆ ಮಾಡಿತ್ತು. ಪೊಲೀಸರ ಮಾತು, ಬೀದಿಯ ಮಾತು, ಯಾವುದನ್ನೂ ಯಾರೂ ಬಿಡಿಸಿ ಹೇಳುವುದಿಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಆ ಮಾತು ನನಗೇ ಅರ್ಥವಾಗತೊಡಗಿತು. ಆ ನಿಧಾನದಲ್ಲಿ ಏನೋ ತುಂಬಿಕೊಳ್ಳುತ್ತಿತ್ತು. ಇನ್ನು ಕೆಲವು ಇವೆ, ನಿಧಾನ ಎಂದರೆ ಬರೀ ಖಾಲಿ ಕಾರಿಡಾರಿನಲ್ಲಿ ನಡೆಯುವುದು. ಎರಡಕ್ಕೂ ನಾವು ಬಳಸುವುದು ಒಂದೇ ಪದ. ನೀನು ತೂಕಡಿಸಿದ್ದು ಈ ಎರಡರಲ್ಲಿ ಯಾವ ಬಗೆಯ ನಿಧಾನಕ್ಕೆ ಅಂತ ನನಗೆ ಗೊತ್ತಿಲ್ಲ. ಸಾಧ್ಯವಾದರೆ ಇನ್ನೊಂದು ಸಲ ಹಗಲಿನಲ್ಲಿ ನೋಡು. ವಾರಕ್ಕೆ ಏಳೆಂಟು ಹೊಸ ಸರಣಿ ನೋಡುವವಳಿಗೆ ಹಾಗೆ ಹೇಳುವುದು ತಪ್ಪೇನೋ. 2022ರಲ್ಲಿ ಅಮೆರಿಕದಲ್ಲಿ ಬಂದ ಕಥಾ ಸರಣಿಗಳೇ 599 ಅಂತ ಎಫ್‌ಎಕ್ಸ್ ಚಾನೆಲ್‌ನವರು ಲೆಕ್ಕ ಹಾಕಿದ್ದರು. ಅಷ್ಟನ್ನು ನೋಡುವ ಕಣ್ಣಿಗೆ ಚೆನ್ನಾಗಿರುವುದಕ್ಕಿಂತ ಬೇರೆಯಾಗಿರುವುದು ಮೊದಲು ಕಾಣುತ್ತೆ.

ಮತ್ತೆ ಅದೇ ಭಯಕ್ಕೆ ಬರುತ್ತೇನೆ. 'ಏನಿಷ್ಟ ಅನ್ನೋದೇ ಮರೆತುಹೋಗ್ತಿದೆಯಾ.' ಕೆಲಸ ಬಿಟ್ಟ ಮೇಲೆ ನನಗೆ ಆದದ್ದು ಅದೇ. ನೋಟ್‌ಬುಕ್ ಇಲ್ಲದೆ ಟಿವಿ ಮುಂದೆ ಕೂತೆ, ಕೈ ಪೆನ್ನು ಹುಡುಕುತ್ತಿತ್ತು. ಕಂತು ಮುಗಿದ ಮೇಲೆ ಚೆನ್ನಾಗಿತ್ತಾ ಅಂತ ನನ್ನನ್ನೇ ಕೇಳಿಕೊಂಡರೆ ವಾಕ್ಯಗಳು ಬರುತ್ತಿದ್ದವು, ಉತ್ತರ ಬರುತ್ತಿರಲಿಲ್ಲ. ಸುಮಾರು ಮೂರು ತಿಂಗಳು ಏನನ್ನೂ ನೋಡದೆ ಇದ್ದೆ. ಆಮೇಲೆ, ಬೇರೆ ಏನೂ ತೋಚದೆ, ಆ ಹಳೆಯ ಆಫೀಸಿನ ಸರಣಿಯನ್ನೇ ಹಾಕಿದೆ. ಭಾಷಣದ ಜಾಗದಲ್ಲಿ ನಗು ಬಂತು. ಉಳಿದ ಎಷ್ಟೋ ಜೋಕುಗಳು ಹಳಸಿಹೋಗಿದ್ದವು, ಅದನ್ನೂ ಹೇಳಬೇಕಲ್ಲ.

ಉಪದೇಶ ಅನ್ನಬೇಡ, ನಾನು ಮಾಡದೆ ಬಿಟ್ಟದ್ದು ಅಂದುಕೋ. ನಕ್ಕ ಕ್ಷಣ ಬಂದಾಗ ಎಷ್ಟನೆಯ ನಿಮಿಷ ಅಂತ ಗುರುತು ಹಾಕಿಕೋ, ಬೇರೆಯವರ ವಿಮರ್ಶೆ ಓದುವ ಮೊದಲು. ಮಾರನೆಯ ದಿನ ಆ ನಿಮಿಷಕ್ಕೆ ಹಿಂದಿರುಗಿ ನೋಡು: ಯಾರಿಗೆ ಏನು ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ, ಕ್ಯಾಮೆರಾ ಯಾರ ಮುಖದ ಮೇಲೆ ಕಾದು ನಿಂತಿತ್ತು? 'ಫ್ಲೀಬ್ಯಾಗ್' ನೆನಪಿದೆಯಲ್ಲ. ಅದರ ನಾಯಕಿ ಕ್ಯಾಮೆರಾಕ್ಕೆ ತಿರುಗಿ ನಮ್ಮ ಜೊತೆ ಗುಟ್ಟಾಗಿ ಮಾತಾಡುತ್ತಾಳೆ, ಅದೇ ತಮಾಷೆ. ಎರಡನೆಯ ಸೀಸನ್‌ನಲ್ಲಿ ಆ ಪಾದ್ರಿಯೊಬ್ಬನಿಗೆ ಮಾತ್ರ ಅವಳು ಆಗಾಗ ಎಲ್ಲೋ ಹೋಗಿಬರುವುದು ಕಂಡುಬಿಡುತ್ತದೆ. ಅಲ್ಲಿಯವರೆಗೆ ನಗಿಸಿದ ಉಪಾಯವೇ ಅವಳು ಅಡಗಿಕೊಳ್ಳುವ ಜಾಗ ಅಂತ ಆಗ ಗೊತ್ತಾಗುತ್ತೆ. ಅದರ ಬಗ್ಗೆ ಬರೆಯಲು ಪುಟವೇ ಬೇಕಾಗುತ್ತೆ, ಜೋಕನ್ನು ಕೊಲ್ಲದೆಯೇ. ಯುದ್ಧಭೂಮಿಯ ಆಸ್ಪತ್ರೆಯ ಕಾಮಿಡಿ 'ಮ್ಯಾಶ್' ಮಾಡಿದವರು ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ರೆಕಾರ್ಡ್ ಮಾಡಿದ ನಗುವನ್ನು ಹಾಕಲಿಲ್ಲ. ನಗು ಎಲ್ಲಿ ಬೇಡ ಅಂತ ಅಷ್ಟು ಲೆಕ್ಕ ಹಾಕಿದವರನ್ನು ಹಗುರ ಅನ್ನಲಾಗುತ್ತದಾ?

ಇಷ್ಟು ಬರೆದ ಮೇಲೂ ನಿನ್ನ ಭಯ ಹೋಗುತ್ತೆ ಅನ್ನುವ ನಂಬಿಕೆ ನನಗಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಆ ಭಯ ಒಂದು ಸಲವೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅಂತ ಈ ನಾಲ್ಕು ದಿನವೂ ಅನ್ನಿಸಿದೆ.

ಅಂದಹಾಗೆ, ನೀನು ಹೊಟ್ಟೆ ಹಿಡಿದುಕೊಂಡು ನಕ್ಕ ಕಾಮಿಡಿಯ ಹೆಸರನ್ನೇ ಬರೆದಿಲ್ಲ. ನಿದ್ದೆ ಬರಿಸಿದ್ದರ ಹೆಸರು ಎರಡು ಸಲ ಬರೆದಿದ್ದೀಯ! ಹೆಸರು ಕಳಿಸು. ಮುಂದಿನ ವಾರ ನಿನ್ನಮ್ಮ ಇಲ್ಲಿಗೆ ಬರುತ್ತಾಳೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇನೆ. ಅವಳಿದ್ದರೆ ನಕ್ಕಿಲ್ಲ ಅಂತ ಆಮೇಲೆ ಬರೆಯಲು ನನಗೆ ಆಗುವುದಿಲ್ಲ.

ನಿನ್ನ
ದೊಡ್ಡಮ್ಮ