ಹುಲ್ಲು ಹಸಿರಾಗಿದ್ದರೆ ವಿಷವಿಲ್ಲವೇ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೊಳೆ ಹೊತ್ತು ಬರುವ ವೃಷಭಾವತಿ ಹೊಳೆಯ ನೀರಿನ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿ ಮೈ ಉರಿಯಿತು. ಬೈರಮಂಗಲ ಕೆರೆ ಅಚ್ಚುಕಟ್ಟಿನಲ್ಲಿ ಮೇವು ಸೊಂಪಾಗಿದೆ, ವಿಷವಿದ್ದರೆ ಹುಲ್ಲು ಬದುಕುತ್ತಿತ್ತೇ ಎಂದು ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಬದುಕುತ್ತದೆ ಸ್ವಾಮಿ, ಚೆನ್ನಾಗಿಯೇ ಬದುಕುತ್ತದೆ. ನಮ್ಮ ಭಯವೇ ಅದು.

ನಾನು ಕೃಷಿ ಪದವಿ ಓದಿ ಊರಲ್ಲಿ ಹಸು ಕಟ್ಟಿಕೊಂಡಿರುವವನು. ಸೀಸ, ಕ್ಯಾಡ್ಮಿಯಮ್ಮಿನಂಥ ವಿಷದ ಭಾರಲೋಹ ತಡೆದುಕೊಳ್ಳುವ ಶಕ್ತಿ ಹುಲ್ಲಿನ ವಂಶವಾಹಿಯಲ್ಲೇ ಇದೆ. ಭತ್ತವೂ ಹುಲ್ಲಿನ ಕುಟುಂಬದ್ದೇ. ಅದರ ಬೇರಿನಲ್ಲಿ ಎನ್‌ರ್ಯಾಂಪ್-5 ಜೀನ್ ರೂಪಿಸುವ ಪ್ರೋಟೀನು ಮ್ಯಾಂಗನೀಸನ್ನು ಒಳಗೆ ಬಿಟ್ಟುಕೊಳ್ಳುವಾಗ ಕ್ಯಾಡ್ಮಿಯಮ್ಮನ್ನೂ ಬಿಟ್ಟುಕೊಳ್ಳುತ್ತದೆ. ಒಳಗೆ ಬಂದದ್ದನ್ನು ಗಿಡವೇ ತಯಾರಿಸುವ ಫೈಟೊಕೆಲೇಟಿನ್ ಎಂಬ ವಸ್ತು ಹಿಡಿದು ಕಟ್ಟುತ್ತದೆ. ಎಚ್‌ಎಂಎ-3 ಜೀನಿನ ಪ್ರೋಟೀನು ಕ್ಯಾಡ್ಮಿಯಮ್ಮನ್ನು ಬೇರಿನ ಕೋಶದೊಳಗಿನ ರಸದಾನಿ ಎಂಬ ಚೀಲಕ್ಕೆ ತಳ್ಳುತ್ತದೆ. ಕಳ್ಳನನ್ನು ಅಟ್ಟದಲ್ಲಿ ಕೂಡಿಹಾಕಿದ ಹಾಗೆ, ಅವನು ಮನೆ ಬಿಟ್ಟು ಹೋಗಿರುವುದಿಲ್ಲ. ಆ ಜೀನು ಕೆಟ್ಟಿರುವ ತಳಿಗಳಲ್ಲಿ ಲೋಹ ಮೇಲೇರಿ ಕಾಳಿಗೂ ಸೇರುತ್ತದೆ. ವೇಲ್ಸ್‌ನ ಪಾಳುಬಿದ್ದ ಸೀಸದ ಗಣಿಯ ಹುಲ್ಲು ಸೀಸಕ್ಕೆ ಒಗ್ಗಿಹೋಗಿದೆ ಎಂದು ಸಸ್ಯವಿಜ್ಞಾನಿ ಬ್ರಾಡ್‌ಶಾ 1952ರಲ್ಲೇ ಬರೆದರು. ಹುಲ್ಲು ಹಸಿರಾಯಿತೆಂದು ಗಣಿ ಮಣ್ಣು ಶುದ್ಧವಾಗಲಿಲ್ಲ. ನಮ್ಮ ಸೀಮೆಹುಲ್ಲಿನಲ್ಲಿ ಬೇರಿಗೆಷ್ಟು, ಎಲೆಗೆಷ್ಟು ಎಂದು ಈ ಮಹಾಶಯರು ಅಳೆದು ನೋಡಿ ಹೇಳಿದರೇ?

ಕಾಲುವೆ ಪಕ್ಕ ಕುಡುಗೋಲು ಹಾಕಿದರೆ ಬುಡದಲ್ಲಿ ಕಪ್ಪು ಲೋಳೆ ಕೈಗೆ ಅಂಟುತ್ತದೆ. ಕೊಳವೆಬಾವಿ ನೀರಲ್ಲಿ ತೊಳೆದರೂ ನಾತ ಹೋಗದು. ಒಳಗೆ ಸೇರಿದ ಲೋಹವಂತೂ ತೊಳೆದರೂ ಹೋಗದು, ಹಾಲು ಕಾಯಿಸಿದರೂ ಹೋಗದು. ಕ್ಯಾಡ್ಮಿಯಂ ದನದ ಮೂತ್ರಪಿಂಡ, ಯಕೃತ್ತಿನಲ್ಲಿ ಶೇಖರವಾಗುತ್ತಲೇ ಇರುತ್ತದೆ. ವರದಿ ಬಂದ ಬೆಳಿಗ್ಗೆಯೇ ವರ್ತನೆ ಮನೆಯವರು 'ನಿಮ್ಮ ಹಸು ಯಾವ ಹುಲ್ಲು ತಿನ್ನುತ್ತೆ?' ಎಂದು ಕೇಳಿದರು. ಒಂದು ಮನೆಯವರು ಹಾಲೇ ಬೇಡವೆಂದರು. ಮಾಗಡಿ ಕಡೆಯಿಂದ ರಾಗಿಹುಲ್ಲು ತರಿಸುತ್ತಿದ್ದೇನೆ. ಲಾರಿ ಬಾಡಿಗೆ ಯಾರು ಕೊಡುತ್ತಾರೆ?

ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಇರುವುದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಸತು ಇತ್ಯಾದಿ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಮೇವಿನ ಕಂತೆ ಹಿಡಿದು ಹೋದರೆ ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿ ಎಂದರು. ಅಲ್ಲಿ ಬೆಂಗಳೂರಿಗೆ ಹೋಗಿ ಎಂದರು. ಹಿಂದೆ ನೀರಿನಲ್ಲಿ ನೊರೆ ಎದ್ದಾಗಲೂ ಇದೇ ಕಥೆ. ಅಧಿಕಾರಿಗಳು ಜೀಪಿನಲ್ಲಿ ಬಂದರು, ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಫೋಟೊ ತೆಗೆಸಿಕೊಂಡರು, ಹೋದರು. ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರಿನ ಫಲಿತಾಂಶ ನಮಗೆ ಇವತ್ತಿಗೂ ತಲುಪಿಲ್ಲ.

ಹುಲ್ಲು, ಹಾಲು ಎರಡನ್ನೂ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನಲ್ಲಿ ಹಾಕಲಿ. ಇಲ್ಲವೇ ಕಾರ್ಖಾನೆಗಳ ಕೊಳೆ ನೀರು ಹೊಳೆಗೆ ಬೀಳುವುದನ್ನು ಮೊದಲು ನಿಲ್ಲಿಸಲಿ. ಎರಡೂ ಆಗದಿದ್ದರೆ ಇಂಥ ಹೇಳಿಕೆ ಕೊಡದೆ ಬಾಯಿ ಮುಚ್ಚಿಕೊಂಡಾದರೂ ಇರಲಿ.

– ನೊಂದ ಹೈನುಗಾರ, ಬಿಡದಿ ಹೋಬಳಿ