ತಮ್ಮನ ಕಿಡ್ನಿ ಉಳಿಸಿಕೊಟ್ಟವರಿಗೆ

ತಮ್ಮನ ರಕ್ತಪರೀಕ್ಷೆ ವರದಿ ಬಂತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಮಾಮೂಲಿ ಮಟ್ಟಕ್ಕೆ ಇಳಿದಿದೆ. ಡಯಾಲಿಸಿಸ್ ಬೇಕಾಗಲೇ ಇಲ್ಲ. ದಿನಾ ಫೋನ್ ಮಾಡಿ ವಿಚಾರಿಸಿದವರಿಗೆ, ರಾತ್ರಿ ನಮ್ಮ ಜೊತೆ ಆಸ್ಪತ್ರೆಯಲ್ಲಿ ಕೂತವರಿಗೆ ಮನಸಾರೆ ಧನ್ಯವಾದ. ಆದರೆ ಎಲ್ಲಕ್ಕಿಂತ ದೊಡ್ಡ ಋಣ ನಮ್ಮ ಫ್ಯಾಮಿಲಿ ಡಾಕ್ಟರದ್ದು. ಅವರು ಏನು ಮಾಡಿದರು ಅಂತ ಬಿಡಿಸಿ ಹೇಳಲೇಬೇಕು.

ತಮ್ಮ ಬಹಳ ದಿನ ಬಿಟ್ಟು ಜಿಮ್‌ಗೆ ಹೋಗಿ ಒಂದೇ ಸಲಕ್ಕೆ ಸಿಕ್ಕಾಪಟ್ಟೆ ಬಸ್ಕಿ ಹೊಡೆದಿದ್ದ. ತೊಡೆ ಊದಿಕೊಂಡು, ಮೆಟ್ಟಿಲು ಇಳಿಯಲಾಗದಷ್ಟು ನೋವು. ಹೊಸದಾಗಿ ಜಿಮ್ ಶುರು ಮಾಡಿದ ಯಾರಿಗಾದರೂ ಮೈಕೈ ನೋವು ಬರುತ್ತೆ, ಅಲ್ವಾ? ಐಬುಪ್ರೊಫೇನ್ ಅನ್ನೋ ನೋವಿನ ಮಾತ್ರೆ ನುಂಗುತ್ತಿದ್ದ. ಇನ್ನೂ ಜೋರಾದ ಮಾತ್ರೆ ಬರೆಸಿಕೊಳ್ಳೋಣ ಅಂತ ಹೋದಾಗ ಡಾಕ್ಟರ್ ಕೇಳಿದರು, "ಮೂತ್ರದ ಬಣ್ಣ ಹೇಗಿದೆ?" ಹಾಲು ಹಾಕದ ಟೀ ಥರ ಇದೆ ಅಂದ.

ಮಾತ್ರೆ ಬರೆಯುವುದು ಅಲ್ಲಿಗೇ ನಿಂತಿತು. ಆಗಲೇ ಮೂತ್ರ ತರಿಸಿ ಪರೀಕ್ಷೆಯ ಪಟ್ಟಿ ಅದ್ದಿದರು. ರಕ್ತ ತೋರಿಸುವ ಹಳದಿ ಚೌಕ ಕಡು ಹಸಿರಾಯಿತು. ಅದೇ ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇಲ್ಲ! ಅವರಿಗೆ ಅಷ್ಟು ಸಾಕಾಯಿತು. ಸ್ನಾಯು ಒಡೆದು ಹಾಳಾದಾಗ ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಕ್ಕೂ ಬರುತ್ತದೆ. ಪಟ್ಟಿ ಅದನ್ನೂ ರಕ್ತ ಅಂತಲೇ ತೋರಿಸುತ್ತದೆ. ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು ಹಾನಿ ಮಾಡುತ್ತದೆ. ಈ ತೊಂದರೆಗೆ ರ‍್ಯಾಬ್ಡೊಮಯೊಲೈಸಿಸ್ ಅಂತಾರೆ.

"ಆ ಮಾತ್ರೆ ಇನ್ನು ಮುಟ್ಟಬೇಡ, ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡುತ್ತೆ" ಅಂದವರೇ ಇಸಿಜಿ ಮಾಡಿಸಿದರು. ಸ್ನಾಯುವಿನಿಂದ ಪೊಟ್ಯಾಸಿಯಂ ಕೂಡ ಹೊರಬರುತ್ತದೆ, ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಕೆ, ಅಂದರೆ ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ, ನೋಡಿದರೆ ಹತ್ತಾರು ಸಾವಿರ. 5000 ದಾಟಿದರೇ ಕಿಡ್ನಿಗೆ ಅಪಾಯ ಜಾಸ್ತಿ.

ನೋವು, ನಿಶ್ಶಕ್ತಿ, ಕಪ್ಪು ಮೂತ್ರ ಮೂರೂ ಒಟ್ಟಿಗೆ ಕಾಣಿಸುವುದು ಕೆಲವೇ ಜನರಲ್ಲಂತೆ. ಮಯೋಗ್ಲೋಬಿನ್ ಬೇಗ ಕರಗಿ ಮೂತ್ರ ತಿಳಿಯಾಗಿಬಿಡಬಹುದು, ಆದರೂ ಸಿಕೆ ಏರಿಯೇ ಇರುತ್ತದೆ. ಮೈಕೈ ನೋವು ಅಂತ ಬರುವ ಅಷ್ಟೊಂದು ಜನರ ನಡುವೆ ಇದನ್ನು ಹೆಕ್ಕಿ ತೆಗೆಯುವುದು ಸಣ್ಣ ಕೆಲಸವಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವೈದ್ಯಕೀಯ ಇಲ್ಲ.

ವಾರ್ಡಿನ ನರ್ಸ್‌ಗಳಿಗೂ ಕೈಮುಗಿಯಬೇಕು. ಸಲೈನ್ ಹರಿಯುತ್ತಲೇ ಇತ್ತು. ಗಂಟೆಗೆ 200ರಿಂದ 300 ಮಿಲಿ ಲೀಟರ್ ಮೂತ್ರ ಬರಬೇಕು ಅಂತ ಪ್ರತಿ ಗಂಟೆ ಅಳೆದು ಬರೆದುಕೊಳ್ಳುತ್ತಿದ್ದರು. ಕಾಲು ಊತ, ಉಸಿರಾಟ ಎಲ್ಲ ನೋಡುತ್ತಿದ್ದರು. ಬಣ್ಣ ತಿಳಿಯಾಗತೊಡಗಿದಾಗ ನಮಗಿಂತ ಮೊದಲು ನಕ್ಕವರು ಅವರೇ. ವರದಿ ಅಚ್ಚಾಗುವವರೆಗೂ ಕಾಯದೆ ಪೊಟ್ಯಾಸಿಯಂ ಅಂಕಿಯನ್ನು ವಾರ್ಡಿಗೆ ಫೋನಿನಲ್ಲೇ ಹೇಳಿದ ಲ್ಯಾಬಿನವರನ್ನೂ ಮರೆಯಲಾರೆ.

ಇದನ್ನು ಬರೆಯುತ್ತೇನೆ ಅಂದಾಗ ಡಾಕ್ಟರ್ ಹೇಳಿದರು: ಜಿಮ್ ಒಂದೇ ಅಲ್ಲ, ವಯಸ್ಸಾದವರು ಬಿದ್ದು ಏಳಲಾಗದೆ ಬಹಳ ಹೊತ್ತು ನೆಲದಲ್ಲೇ ಇದ್ದರೂ ಹೀಗಾಗಬಹುದು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತಗೊಳ್ಳುವವರು ಹೊಸ ಔಷಧಿ ಶುರು ಮಾಡುವಾಗ, ಅದರಲ್ಲೂ ಕ್ಲಾರಿಥ್ರೊಮೈಸಿನ್ ಥರದ ಆ್ಯಂಟಿಬಯೋಟಿಕ್ ಆದರೆ, ಸ್ಟ್ಯಾಟಿನ್ ತಗೊಳ್ಳುತ್ತಿರುವ ವಿಷಯ ಡಾಕ್ಟರಿಗೆ ಹೇಳಲೇಬೇಕು, ಎರಡೂ ಸೇರಿದರೆ ಹೀಗೇ ಸ್ನಾಯು ಒಡೆಯಬಹುದು. ತಡೆಯಲಾಗದ ಸ್ನಾಯು ನೋವಿನ ಜೊತೆ ಮೂತ್ರ ಕಂದಾದರೆ ನಾಳೆ ನೋಡೋಣ ಅನ್ನದೆ ಅವತ್ತೇ ತೋರಿಸಿ. ಅವರ ಪರವಾಗಿ ಇದನ್ನೂ ಸೇರಿಸಿದ್ದೇನೆ.